ಬೀಗ ತೆಗೆದ ಬೀದಿ

"ಅಕ್ಕಾ, ನಾಳಿದ್ದು ನಾವು ಅಲ್ಲಿಗೆ ಬಂದುಬಿಡ್ತೀವಿ. ಮನೆ ಸ್ವಲ್ಪ ತೆಗೆದು ಗಾಳಿಯಾಡೋಕೆ ಬಿಡಿ," ಎಂದು ಮೇಷ್ಟ್ರ ಮಗಳು ಫೋನಿನಲ್ಲಿ ಹೇಳಿದಾಗ ಬೀಗದಕ್ಕ ದರ್ಜಿಯ ಖಾಲಿ ಮನೆಯ ಅಡುಗೆಕೋಣೆಯಲ್ಲಿ ನಲ್ಲಿ ತಿರುಗಿಸಿಕೊಂಡು ನಿಂತಿದ್ದಳು. ಕೊಳವೆ ಗೊರಗೊರ ಎಂದು ಗಂಟಲು ಸರಿಮಾಡಿಕೊಂಡು ಕೆಂಪು ನೀರು ಉಗುಳುತ್ತಿತ್ತು.

"ನಾಳಿದ್ದಾ?"

"ಯಾಕಕ್ಕ, ಏನಾದ್ರೂ ತೊಂದರೆನಾ?"

"ತೊಂದರೆ ಏನಮ್ಮ ಬಂತು. ನಿಮ್ಮ ಮನೆಗೆ ನೀವು ಬರೋಕೆ ನನ್ನ ಕೇಳಬೇಕಾ? ಬನ್ನಿ, ಬನ್ನಿ."

ಬಾಯಿ ತನ್ನಷ್ಟಕ್ಕೆ ತಾನೇ ಹೇಳಿಬಿಟ್ಟಿತು. ಆ ಕಡೆ ಫೋನು ಇಟ್ಟ ಮೇಲೂ ಅವಳು ಹಾಗೆಯೇ ನಿಂತಿದ್ದಳು. ತೊಟ್ಟಿ ತುಂಬಿ ನೀರು ಪಾದಕ್ಕೆ ತಾಗಿದಾಗಲೇ ನಲ್ಲಿಯ ನೆನಪಾದದ್ದು.

ಗಿರಣಿ ಮುಚ್ಚಿದ ಮೇಲೆ ಆ ಬೀದಿ ಒಂದೊಂದೇ ಮನೆಯಾಗಿ ಖಾಲಿಯಾಗಿತ್ತು. ದುಡಿಯುವ ವಯಸ್ಸಿನವರೆಲ್ಲ ದೊಡ್ಡ ಊರಿಗೆ ಹೋದರು. ಅವರ ಹಿಂದೆ ಮಕ್ಕಳು ಹೋದರು, ಮಕ್ಕಳ ಹಿಂದೆ ಶಾಲೆ ಹೋಯಿತು. ಹೋಗುವ ಮುಂಚೆ ಎಲ್ಲರೂ ಅವಳ ಬಾಗಿಲಿಗೆ ಬಂದು, "ಆಗಾಗ ತೆಗೆದು ನೋಡ್ತಿರಕ್ಕ," ಎಂದು ಕೀಲಿಕೈ ಕೊಟ್ಟರು. ಮನೆ ಮುಚ್ಚಿಟ್ಟರೆ ಹಾಳಾಗುತ್ತದೆ. ಕಿಟಕಿ ತೆಗೆಯಬೇಕು, ನೀರು ಹರಿಸಬೇಕು, ಗೆದ್ದಲು ನೋಡಬೇಕು. ಅವಳು ಅಷ್ಟನ್ನೂ ಮಾಡಿದಳು. ಬರುಬರುತ್ತ ಅವಳ ನಿಜವಾದ ಹೆಸರು ಜನರಿಗೆ ಮರೆತುಹೋಗಿ ಬೀಗದಕ್ಕ ಎನ್ನುವುದೇ ಉಳಿಯಿತು. ಅವಳ ಮನೆಯ ಒಳಗೋಡೆಯ ಮೇಲೆ ಮೊಳೆಗಳ ಸಾಲು, ಮೊಳೆಗೊಂದು ಕೀಲಿಗೊಂಚಲು. "ನನ್ನ ಹೆಂಡತಿ ಅರ್ಧ ಊರಿನ ಒಡತಿ, ಆದರೆ ಸೂರು ಸೋರೋದು ನಮ್ಮನೇದೇ," ಎಂದು ಗಂಡ ನಗೆಯಾಡುತ್ತಿದ್ದ. ಅವನು ಗಿರಣಿಯಲ್ಲಿ ಫಿಟ್ಟರ್ ಆಗಿದ್ದವನು. ಗಿರಣಿ ಹೋದರೂ ಅದರ ಹತ್ತಿಯ ಧೂಳು ಅವನ ಎದೆಯೊಳಗೆ ಮನೆ ಮಾಡಿಕೊಂಡು ಉಳಿದಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು, ನಕ್ಕರೆ ಕೆಮ್ಮು.

ಈಗ ರೋಗ ಬಂದು, ಹೋದವರೆಲ್ಲ ತಿರುಗಿ ಬರತೊಡಗಿದ್ದರು. ಕೆಲಸ ಹೋದವರು, ಬಾಡಿಗೆ ಮನೆ ಬಿಟ್ಟವರು, ಮನೆಯಲ್ಲೇ ಕುಳಿತು ಕೆಲಸ ಮಾಡಿ ಎಂದು ಕಚೇರಿಯಿಂದ ಕಳಿಸಿದವರು, ಸುಮ್ಮನೆ ಹೆದರಿದವರು. ವಾರಕ್ಕೆ ಒಂದೆರಡು ಮೊಳೆ ಖಾಲಿಯಾಗುತ್ತಿದ್ದವು. ಎಷ್ಟೋ ವರ್ಷಗಳಿಂದ ಕೇಳದಿದ್ದ ಮಕ್ಕಳ ಅಳು ಬೀದಿಯಲ್ಲಿ ಕೇಳಿಸುತ್ತಿತ್ತು. ಮೊದಲಾಗಿದ್ದರೆ ಬೀಗದಕ್ಕ ಹಿಗ್ಗಿ ಹೀರೇಕಾಯಿಯಾಗುತ್ತಿದ್ದಳು. ಈಗ ಪ್ರತಿ ಗಾಡಿ ಬಂದು ನಿಂತಾಗಲೂ ಅವಳು ಮೊದಲು ತಿರುಗಿ ನೋಡುತ್ತಿದ್ದದ್ದು ಗಂಡನ ಕಿಟಕಿ ಮುಚ್ಚಿದೆಯೇ ಎಂದು.

ಅದು ಎಲ್ಲರಿಗೂ ಇದ್ದ ಹೆದರಿಕೆ. ಅವಳಿಗೆ ಬೇರೊಂದೂ ಇತ್ತು. ಮೇಷ್ಟ್ರ ಮನೆ ಖಾಲಿ ಇರಲಿಲ್ಲ.

ಬೇನೆ ಊರಿಗೆ ಕಾಲಿಟ್ಟ ಹೊಸತರಲ್ಲಿ ಒಂದು ಬೆಳಗ್ಗೆ ಬ್ರೆಡ್ಡು ತರಲು ಹೋದವಳಿಗೆ ಮುಚ್ಚಿದ ಗಿರಣಿಯ ಗೇಟಿನ ಬಳಿ ಒಬ್ಬ ಹೆಂಗಸು ಚೀಲದ ಮೇಲೆ ಕುಳಿತಿರುವುದು ಕಂಡಿತ್ತು. ತೊಡೆಯ ಮೇಲೆ ಪುಟ್ಟ ಹುಡುಗಿ. ಜ್ವರದ ಆಸ್ಪತ್ರೆಯ ನರ್ಸು ಅವಳು. ಪಾಳಿ ಮುಗಿಸಿ ಬರುವಷ್ಟರಲ್ಲಿ ಮನೆಯ ಮಾಲೀಕ ಅವಳ ಸಾಮಾನನ್ನೂ ಮಗುವನ್ನೂ ಹೊರಗಿಟ್ಟು ಬೀಗ ಬದಲಾಯಿಸಿದ್ದ. "ನಮಗೂ ಮಕ್ಕಳಿದಾರಮ್ಮ," ಎಂದನಂತೆ ಕಿಟಕಿಯಿಂದ. ಹುಡುಗಿಯ ಅಪ್ಪ ಎಂಬವನು ಯಾವ ಕಾಲದಲ್ಲೋ ಎದ್ದುಹೋಗಿದ್ದ.

ಬೀಗದಕ್ಕನಿಗೆ ಮೊದಲು ನೆನಪಾದದ್ದು ತನ್ನ ಮನೆಯ ಹಿಂದಿನ ಕೋಣೆ. ಮರುಕ್ಷಣ ಫಿಟ್ಟರನ ಎದೆ ನೆನಪಾಯಿತು. ಆಮೇಲೆ ಮೇಷ್ಟ್ರ ಮನೆಯ ಕೀಲಿಕೈ. "ಎರಡು ದಿನದ ಮಟ್ಟಿಗೆ," ಎಂದು ಹಿಂಬಾಗಿಲಿನಿಂದ ಒಳಗೆ ಬಿಟ್ಟಿದ್ದಳು. ಮುಂದಿನ ಕಿಟಕಿ ತೆಗೆಯಬೇಡಿ, ದೀಪ ಹಾಕಿದರೆ ಒಳಕೋಣೆಯದು ಮಾತ್ರ ಹಾಕಿ ಎಂದಿದ್ದಳು. ಎರಡು ದಿನ ಎಂಬುದು ಎಳೆದುಕೊಂಡು ಹೋಗಿ ಬೇಸಿಗೆಯೇ ಕಳೆದಿತ್ತು. ಪ್ರತಿಸಲ ಮೇಷ್ಟ್ರ ಮಗಳು ಫೋನು ಮಾಡಿದಾಗಲೂ ಹೇಳಿಬಿಡಬೇಕು ಎಂದುಕೊಂಡಳು. ಹೇಳಲಿಲ್ಲ.

ಈಗ ದರ್ಜಿಯ ಮನೆಯಿಂದ ನೇರ ಬಂದು ಮೇಷ್ಟ್ರ ಮನೆಯ ಹಿಂಬಾಗಿಲು ತಟ್ಟಿದಾಗ ತೆಗೆದದ್ದು ಹುಡುಗಿ. ಅವಳನ್ನು ಬೀಗದಕ್ಕ ಗುಬ್ಬಿ ಎಂದು ಕರೆಯುತ್ತಿದ್ದಳು. ಅಷ್ಟು ದಿನ ಪಿಸುದನಿಯಲ್ಲೇ ಬದುಕಿ ಗುಬ್ಬಿಗೆ ಗಟ್ಟಿಯಾಗಿ ಮಾತಾಡುವುದೇ ಮರೆತುಹೋದಂತಿತ್ತು.

"ಅಮ್ಮ ಮಲಗಿದಾಳೆ ಅಜ್ಜಿ."

"ಎಬ್ಬಿಸು ಕಂದ."

ನರ್ಸು ಎದ್ದು ಬಂದಳು. ಮುಖಗವಸಿನ ದಾರ ಒತ್ತಿ ಒತ್ತಿ ಅವಳ ಕೆನ್ನೆಯ ಮೇಲೆ ಗೆರೆ ಕುಳಿತಿತ್ತು. ಬಾಗಿಲಿನಿಂದ ದೂರಕ್ಕೆ, ಗೋಡೆಗೆ ಒರಗಿ ನಿಂತು ಕೇಳಿಸಿಕೊಂಡಳು. ಅಳಲಿಲ್ಲ, ಬೇಡಿಕೊಳ್ಳಲಿಲ್ಲ.

"ನಾಳಿದ್ದು ಎಷ್ಟು ಹೊತ್ತಿಗೆ ಬರ್ತಾರೆ ಅಕ್ಕ?"

"ಗೊತ್ತಿಲ್ಲ. ಅಷ್ಟರಲ್ಲಿ ಬೇರೆ ಕಡೆ ನೋಡ್ತೀನಿ. ನೀನು ಯೋಚನೆ ಮಾಡಬೇಡ."

"ಮನೆಯೆಲ್ಲ ಔಷಧಿ ನೀರಲ್ಲಿ ಒರೆಸಿಬಿಡ್ತೀನಿ. ಹಾಸಿಗೆ ನಾವು ಮುಟ್ಟಿಲ್ಲ. ನೆಲದ ಮೇಲೇ ಮಲಗಿದ್ದು."

ಬೀಗದಕ್ಕನಿಗೆ ಇದು ಗೊತ್ತಿರಲಿಲ್ಲ.

ಉಳಿದದ್ದು ದರ್ಜಿಯ ಮನೆಯೊಂದೇ. ಬೇರೆ ಮನೆಗಳವರು ಒಂದೋ ಬಂದಿದ್ದರು, ಇಲ್ಲವೇ ದಾರಿಯಲ್ಲಿದ್ದರು. ಅವಳು ದರ್ಜಿಗೆ ಫೋನು ಮಾಡಿ, ಯಾರೋ ಒಳ್ಳೆಯವರು ಬಾಡಿಗೆಗೆ ಕೇಳುತ್ತಿದ್ದಾರೆ ಎಂದಳು. ಅವನು ಖುಷಿಯಾಗಿಯೇ ಮಾತಾಡಿದ. ಎಷ್ಟು ಜನ, ಎಲ್ಲಿಯವರು ಎಂದೆಲ್ಲ ಕೇಳಿ, "ಕೆಲಸ ಏನಂತೆ?" ಎಂದ.

"ನರ್ಸು."

"ಬೇಡಕ್ಕ. ನೀನೂ ಹುಷಾರಾಗಿರು," ಎಂದು ಇಟ್ಟುಬಿಟ್ಟ.

ಊಟದ ಹೊತ್ತಿಗೆ ಫಿಟ್ಟರ್ ತಟ್ಟೆಯಿಂದ ತಲೆಯೆತ್ತದೆ, "ಎಲ್ಲಿಗೆ ಕಳಿಸ್ತೀಯ ಅವರನ್ನ?" ಎಂದು ಕೇಳಿದ.

ಅವಳು ಬೆಚ್ಚಿದಳು. "ಯಾರನ್ನ?"

"ದಿನಾ ಎರಡು ಜನಕ್ಕೆ ಹೆಚ್ಚಿಗೆ ಅಡುಗೆ ಮಾಡಿ ಮೇಷ್ಟ್ರ ಮನೆ ಹಿತ್ತಲ ಕಡೆ ಹೋಗ್ತೀಯ. ನಾನು ಎದೆ ಕೆಟ್ಟವನು, ಕಣ್ಣು ಕೆಟ್ಟವನಲ್ಲ. ನಮ್ಮ ಹಿಂದಿನ ಕೋಣೆ ಇದೆಯಲ್ಲ?"

"ನಿಮ್ಮ ಎದೆ ಇದೆಯಲ್ಲ!"

ಅವನು ತಟ್ಟೆ ಸರಿಸಿ ಎದ್ದ.

ಮೇಷ್ಟ್ರ ಮಗಳು ನಾಳಿದ್ದಿನವರೆಗೆ ಕಾಯಲಿಲ್ಲ. ಮಾರನೆಯ ದಿನ ಮಧ್ಯಾಹ್ನವೇ ಬಂದಳು.

ದಾರಿ ಮುಚ್ಚುತ್ತಾರೆ ಎಂಬ ಸುದ್ದಿ ಕೇಳಿ ಬೆಳಗ್ಗೆಯೇ ಹೊರಟುಬಿಟ್ಟಿದ್ದರು. ಕಾರಿನ ಸದ್ದಿಗೆ ಬೀದಿಯುದ್ದಕ್ಕೂ ಕಿಟಕಿಗಳು ಪಟಪಟ ಮುಚ್ಚಿಕೊಂಡವು. ಹೋದ ವಾರ ತಾವೇ ಹಾಗೆ ಬಂದು ಇಳಿದವರೂ ಮುಚ್ಚಿಕೊಂಡರು. ಬೀಗದಕ್ಕ ಸೆರಗನ್ನು ಮೂಗಿಗೆ ಒತ್ತಿಕೊಂಡು ಓಡಿ ಬರುವಷ್ಟರಲ್ಲಿ ಗಂಡ ಹೆಂಡತಿ ಕಾರಿನಿಂದ ಇಳಿದಿದ್ದರು. ಮೇಷ್ಟ್ರ ಮಗಳ ಎದೆಗೆ ಕಟ್ಟಿದ ಬಟ್ಟೆಯಲ್ಲಿ ಹಸುಗೂಸು. ಪೆಟ್ಟಿಗೆಗಳು, ಮಡಿಸಿದ ತೊಟ್ಟಿಲು, ಹಗ್ಗ ಬಿಗಿದ ಕಂಪ್ಯೂಟರು.

"ಬಾಗಿಲು ತೆಗೀರಿ ಅಕ್ಕ. ಮಗುಗೆ ಹಾಲು ಕುಡಿಸಬೇಕು. ದಾರೀಲಿ ಎಲ್ಲೂ ನಿಲ್ಲಿಸಿಲ್ಲ ನಾವು."

"ಒಂದು ನಿಮಿಷ, ಅಮ್ಮ. ಒಂದು ಮಾತು."

"ಆಮೇಲೆ ಮಾತು. ಮೊದಲು ತೆಗೀರಿ."

ಅಷ್ಟರಲ್ಲಿ ಬಾಗಿಲು ಒಳಗಿನಿಂದಲೇ ತೆರೆದುಕೊಂಡಿತು. ಕಾರಿನ ಸದ್ದಿಗೆ ನರ್ಸು ನೆಲ ಒರೆಸುವುದನ್ನು ಬಿಟ್ಟು ಎದ್ದು ಬಂದಿದ್ದಳು. ಮೈಮೇಲೆ ಆಸ್ಪತ್ರೆಯ ನೀಲಿ ಬಟ್ಟೆ. ಕೈಯಲ್ಲಿ ಒದ್ದೆ ಒರೆಸುಬಟ್ಟೆ. ಹಿಂದಿನಿಂದ ಗುಬ್ಬಿ ಇಣುಕಿದಳು.

ಮೇಷ್ಟ್ರ ಮಗಳು ಎರಡು ಕೈಯನ್ನೂ ಕೂಸಿನ ತಲೆಗೆ ಅಡ್ಡ ಹಿಡಿದು ಬೀದಿಯ ನಡುವಿಗೆ ಸರಿದಳು. ಯಾರೂ ಏನೂ ಹೇಳಬೇಕಾಗಲಿಲ್ಲ. ಆ ನೀಲಿ ಬಟ್ಟೆ ಈಗ ಎಲ್ಲರಿಗೂ ಗುರುತು.

"ಯಾರಕ್ಕ ಇವರು? ನಮ್ಮ ಮನೇಲಿ ಏನು ಮಾಡ್ತಿದಾರೆ?"

ಬೀಗದಕ್ಕ ಹೇಳಿದಳು. ಗಿರಣಿಯ ಗೇಟು, ಬದಲಾದ ಬೀಗ, ಎರಡು ದಿನ. ಹೇಳುತ್ತ ಹೇಳುತ್ತ ತನ್ನ ದನಿಯೇ ತನಗೆ ಕಳ್ಳನ ದನಿಯಂತೆ ಕೇಳಿಸಿತು. ಮೇಷ್ಟ್ರ ಅಳಿಯ ಮುಖ ಕೆಂಪಗೆ ಮಾಡಿಕೊಂಡು ಏನೋ ಹೇಳಹೊರಟ. ಮೇಷ್ಟ್ರ ಮಗಳು ಅವನನ್ನು ತಡೆದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಬೀಗದಕ್ಕನಿಗೆ ಹಗುರವಾಗುತ್ತಿತ್ತೇನೋ.

"ಆಸ್ಪತ್ರೆಯಿಂದ ದೂರ ಇರಬೇಕು ಅಂತ ಇಷ್ಟು ದೂರ ಬಂದ್ವಿ. ಆಸ್ಪತ್ರೆ ನಮ್ಮ ಮನೆಯೊಳಗೇ ಇದೆ," ಎಂದಳು. ಆಮೇಲೆ, "ಅಷ್ಟೊಂದು ಕರುಣೆ ಇದ್ದಿದ್ರೆ ನಿಮ್ಮ ಮನೇಲೇ ಇಟ್ಕೋಬೇಕಿತ್ತು. ಅಲ್ಲೂ ಒಂದು ಕೋಣೆ ಇದೆ, ನನಗೆ ಗೊತ್ತು. ಚಿಕ್ಕವಳಿದ್ದಾಗ ಅಲ್ಲೇ ಆಡಿದೀನಿ."

ಬೀಗದಕ್ಕನ ಕಿವಿ ಬಿಸಿಯಾಯಿತು. ಮುಚ್ಚಿದ ಕಿಟಕಿಗಳ ಹಿಂದೆ ಬೀದಿಯೇ ಕಿವಿಯಾಗಿ ಕೇಳುತ್ತಿದೆ ಎಂಬುದು ಅವಳಿಗೆ ಗೊತ್ತಿತ್ತು.

ನರ್ಸು ಒಳಗೆ ಹೋಗಿ ಅದೇ ಚೀಲ ಹಿಡಿದು ಬಂದಳು. ಬಾಗಿಲಿನಿಂದ ಅಷ್ಟು ದೂರಕ್ಕೆ ನಡೆದುಹೋಗಿ ನಿಂತು ಹೇಳಿದಳು: "ಮನೆ ಒರೆಸಿದೀನಿ. ಆದ್ರೂ ಕಿಟಕಿ ಎಲ್ಲ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಒಳಗೆ ಹೋಗಿ. ಮಗುಗೆ ಬಿಸಿಲು ತಾಗ್ತಿದೆ, ಕಾರಿನ ಆ ಕಡೆ ನೆರಳಿದೆ." ಮೇಷ್ಟ್ರ ಮಗಳು ಅವಳತ್ತ ನೋಡಲಿಲ್ಲ. ಆದರೆ ನೆರಳಿಗೆ ಸರಿದಳು.

"ಎಲ್ಲಿಗೆ ಹೋಗ್ತೀಯ?" ಎಂದಳು ಬೀಗದಕ್ಕ.

"ಆಸ್ಪತ್ರೇಲಿ ಸಾಮಾನಿನ ಕೋಣೆ ಇದೆ. ಮಲಗೋಕೆ ಬಿಡ್ತಾರೆ."

"ಗುಬ್ಬಿ?"

ಇಷ್ಟು ಹೊತ್ತು ಗಟ್ಟಿಯಾಗಿದ್ದ ನರ್ಸಿನ ಮುಖ ಒಮ್ಮೆಲೇ ಕದಡಿತು. ಗುಬ್ಬಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. ಸದ್ದು ಮಾಡಬಾರದೆಂದು ಕಲಿತಿದ್ದವಳು ಬೀದಿಯಲ್ಲೂ ಬರಿಗಾಲಲ್ಲಿ ನಿಂತು ಒಂದು ಕಾಲನ್ನು ಇನ್ನೊಂದರ ಮೇಲೆ ಇಟ್ಟುಕೊಂಡು ಬಿಸಿ ತಪ್ಪಿಸಿಕೊಳ್ಳುತ್ತಿದ್ದಳು.

ಆಗ ಎದುರು ಸಾಲಿನಲ್ಲಿ ಒಂದು ಬಾಗಿಲು ಕಿರುಗುಟ್ಟಿತು. ಬೀಗದಕ್ಕನದೇ ಮನೆ. ಫಿಟ್ಟರ್ ಬಾಗಿಲನ್ನು ಪೂರ್ತಿ ತೆಗೆದು ಚೌಕಟ್ಟು ಹಿಡಿದು ನಿಂತಿದ್ದ. ಅಷ್ಟು ದೂರಕ್ಕೆ ಕೂಗುವಷ್ಟು ಉಸಿರು ಅವನಲ್ಲಿರಲಿಲ್ಲ. ಕೈಯೆತ್ತಿ ಹುಡುಗಿಯನ್ನು ಕರೆದ.

ಬೀಗದಕ್ಕನಿಗೆ ಮೊದಲು ಬಂದದ್ದು ಕೋಪ. "ಯಾರ್ರೀ ನಿಮಗೆ ಬಾಗಿಲು ತೆಗೆ ಅಂದವರು! ಒಳಗೆ ಹೋಗಿ! ನಿಮ್ಮ ಕೋಣೆಗೆ ಹೋಗಿ ಕದ ಹಾಕ್ಕೊಳ್ಳಿ ಮೊದಲು!" ಎಂದು ಅರಚಿದಳು. ಅರಚುತ್ತಲೇ ಗುಬ್ಬಿಯ ಕೈ ಹಿಡಿದಳು. ಸಣ್ಣ ಕೈ, ಔಷಧಿ ನೀರಿನ ವಾಸನೆ. ಬಿಸಿ ಇದೆಯೇ? ಬಿಸಿಲಿಗೆ ಬಿಸಿಯೇ, ಮೈಯೊಳಗಿನ ಬಿಸಿಯೇ? ಆ ಪ್ರಶ್ನೆ ಅಂದಿನಿಂದ ಅವಳನ್ನು ಬಿಡಲಿಲ್ಲ.

ನರ್ಸು ಚೀಲ ಹೊತ್ತು ಆಸ್ಪತ್ರೆಗೆ ಹೋದಳು. ಬೀಗದಕ್ಕನ ಮನೆಯೊಳಗೆ ಹೊಸ ಕಾನೂನು ಬಂತು. ಗುಬ್ಬಿ ಹಿಂದಿನ ಕೋಣೆ ಬಿಟ್ಟು ಬರಕೂಡದು, ಫಿಟ್ಟರ್ ಮುಂದಿನ ಕೋಣೆ ಬಿಟ್ಟು ಹೋಗಕೂಡದು. ನಡುವಿನ ಅಡುಗೆಕೋಣೆ ಬೀಗದಕ್ಕನದು. ಅವಳು ಇಬ್ಬರಿಗೂ ಹೊಸ್ತಿಲ ಬಳಿ ತಟ್ಟೆ ಇಟ್ಟು ಹಿಂದೆ ಸರಿಯುತ್ತಿದ್ದಳು. ಕೈ ತೊಳೆದು ತೊಳೆದು ಬೆರಳು ಬಿರಿದವು. ಬೆಳಗ್ಗೆ ಎದ್ದವಳೇ ಮುಂದಿನ ಕೋಣೆಯ ಬಾಗಿಲಿಗೆ ಕಿವಿ ಕೊಟ್ಟು ಉಸಿರು ಕೇಳುವಳು. ಆಮೇಲೆ ಹಿಂದಿನ ಕೋಣೆಗೆ. ಒಂದು ಸೀನು ಕೇಳಿದರೆ ಮತ್ತೆ ಹೋಗಿ ಕಿವಿ ಕೊಡುವಳು. ಅಂಗಡಿಯವನು ಅವಳಿಗೆ ಸಾಮಾನನ್ನು ಕೋಲಿನ ತುದಿಗೆ ಸಿಕ್ಕಿಸಿ ಕೊಡತೊಡಗಿದ. ಇಷ್ಟು ವರ್ಷ ತಾನು ಗೆದ್ದಲು ಹೊಡೆದು ಉಳಿಸಿದ ಮನೆಗಳ ಜನವೇ ಅವಳನ್ನು ಕಂಡರೆ ಬೀದಿ ದಾಟಿ ಆಚೆ ಹೋಗುತ್ತಿದ್ದರು. ಅವಳಿಗೆ ಸಿಟ್ಟು ಬರಲಿಲ್ಲ. ದಾಟಿ ಹೋಗಬೇಕೆಂದು ಅವಳಿಗೇ ಅನಿಸುತ್ತಿತ್ತು.

ಆದರೆ ಕಾನೂನಿಗೆ ತೂತು ಬಿದ್ದಿತ್ತು. ಒಂದು ಮಧ್ಯಾಹ್ನ ಹಿತ್ತಲಿನಿಂದ ಬಂದವಳಿಗೆ ಟಕ್ ಟಕ್ ಸದ್ದು ಕೇಳಿಸಿತು. ಎರಡೂ ಕೋಣೆಗಳ ಬಾಗಿಲು ಮುಚ್ಚಿಯೇ ಇದ್ದವು. ಆದರೆ ಮನೆಯುದ್ದಕ್ಕೂ ಹಾದುಹೋದ ನೀರಿನ ಕೊಳವೆಗೆ ಫಿಟ್ಟರ್ ಈ ತುದಿಯಲ್ಲಿ ಚಮಚದಿಂದ ಬಡಿಯುತ್ತಿದ್ದ. ಆ ತುದಿಯಿಂದ ಗುಬ್ಬಿ ಉತ್ತರ ಬಡಿಯುತ್ತಿದ್ದಳು.

"ಏನ್ರೀ ಇದು?"

"ಗಿರಣಿ ಮಾತು," ಎಂದ ಬಾಗಿಲ ಹಿಂದಿನಿಂದ. "ಮಗ್ಗದ ಸದ್ದಲ್ಲಿ ಯಾರ ಮಾತೂ ಕೇಳ್ತಿರಲಿಲ್ಲ. ಹೀಗೇ ಬಡಿದು ಹೇಳ್ತಿದ್ವಿ. ಈಗ ಅವಳು ಹೇಳಿದ್ದೇನು ಗೊತ್ತಾ? ಅಜ್ಜಿ ಬಂದಳು, ಸುಮ್ಮನಿರು."

ಅವಳು ನಕ್ಕಳೋ ಅತ್ತಳೋ, ಒಲೆಯ ಕಡೆ ತಿರುಗಿಕೊಂಡಳು.

ಅದಾದ ಮೇಲೆ ಒಂದು ಬೆಳಗ್ಗೆ ಕೊಳವೆಯ ಸದ್ದು ಬರಲಿಲ್ಲ. ಫಿಟ್ಟರನ ಬಾಗಿಲು ತಳ್ಳಿ ನೋಡಿದರೆ ಅವನು ಗೋಡೆಯ ಕಡೆ ಮುಖ ಮಾಡಿ ಮುದುಡಿ ಮಲಗಿದ್ದ. ಹಣೆ ಸುಡುತ್ತಿತ್ತು. ಗುಬ್ಬಿಯನ್ನು ತಾನೇ ಕೈಹಿಡಿದು ಕರೆತಂದದ್ದು. ಬೀದಿಯವರೆಲ್ಲ ಹೇಳುವ ಮೊದಲೇ ಬೀಗದಕ್ಕ ತನಗೆ ತಾನೇ ಹೇಳಿಕೊಂಡಳು. ಓಡಿಹೋಗಿ ಕಿತ್ತಳೆ ಸಿಪ್ಪೆ ತಂದು ಅವನ ಮೂಗಿಗೆ ಹಿಡಿದಳು.

"ವಾಸನೆ ಬರ್ತಿದೆಯಾ? ಹೇಳ್ರೀ, ಬರ್ತಿದೆಯಾ?"

"ಕಿತ್ತಳೆ," ಎಂದ ಕಣ್ಣು ಬಿಡದೆ. "ನಿನ್ನ ಕೈಯಿಂದ ಈರುಳ್ಳಿ. ಸೀದ ಹಾಲು. ಹಾಲು ಒಲೆ ಮೇಲಿದೆ ನೋಡೇ."

ಹಾಲು ನಿಜವಾಗಿಯೂ ಸೀದಿತ್ತು. ನರ್ಸು ಫೋನಿನಲ್ಲೇ ಎಲ್ಲ ವಿಚಾರಿಸಿ, ಆಸ್ಪತ್ರೆಯಿಂದ ಒಬ್ಬರನ್ನು ಕಳಿಸಿ ಅವನ ಮೂಗಿನಿಂದ ಕಡ್ಡಿಯಲ್ಲಿ ಪರೀಕ್ಷೆಗೆ ದ್ರವ ತೆಗೆಸಿದಳು. ಉತ್ತರ ಬರುವವರೆಗೆ ಬೀಗದಕ್ಕ ಹಿಂದಿನ ಕೋಣೆಯ ಕಡೆ ತಲೆ ಹಾಕಲಿಲ್ಲ. ತಟ್ಟೆ ಇಡುವಾಗಲೂ ಹುಡುಗಿಯ ಮುಖ ನೋಡಲಿಲ್ಲ. ಗುಬ್ಬಿ ತಿನ್ನದೆ ತಟ್ಟೆಯನ್ನು ಹಾಗೆಯೇ ಹೊರಗೆ ತಳ್ಳಿದಳು. "ನಾನು ಅಮ್ಮನ ಹತ್ರ ಹೋಗ್ತೀನಿ ಅಜ್ಜಿ. ನನ್ನಿಂದಲೇ ತಾತನಿಗೆ ಬಂದಿರೋದು, ಅಲ್ವಾ?" ಎಂದಳು ಕದದ ಸಂದಿಯಿಂದ. ಅದೇ ಮೊದಲ ಸಲ ಬೀಗದಕ್ಕ ಕಾನೂನು ಮುರಿದು ಹಿಂದಿನ ಕೋಣೆಯೊಳಗೆ ಹೋಗಿ ಅವಳ ಪಕ್ಕದಲ್ಲಿ ನೆಲಕ್ಕೆ ಕುಳಿತದ್ದು.

ಅದು ಆ ರೋಗವಾಗಿರಲಿಲ್ಲ. ಎದೆಯ ಹಳೆಯ ಕಾಟವೇ. ಮಾತ್ರೆಗೆ ಇಳಿಯಿತು. ಸಂಜೆಗೆ ಕೊಳವೆ ಮತ್ತೆ ಟಕ್ ಎಂದಿತು, ಮೊದಲಿಗಿಂತ ಮೆಲ್ಲಗೆ.

ನರ್ಸು ದಿನಾ ಬೆಳಗ್ಗೆ ಪಾಳಿ ಮುಗಿಸಿ ಬರುತ್ತಿದ್ದಳು. ಬೀಗದಕ್ಕನ ಮನೆಯ ಎದುರು, ಬೀದಿಯ ಆ ಬದಿಯಲ್ಲಿ, ಮೇಷ್ಟ್ರ ಮನೆಯ ಗೋಡೆಯ ಪಕ್ಕದ ದೀಪದ ಕಂಬದ ಕೆಳಗೆ ನಿಲ್ಲುತ್ತಿದ್ದಳು. ಗುಬ್ಬಿಗೆ ಆ ಹೊತ್ತಿಗೆ ಮಾತ್ರ ಮುಂಬಾಗಿಲ ಪಕ್ಕದ ನಡುಹಾದಿಯ ಕಿಟಕಿಗೆ ಬರಲು ಅಪ್ಪಣೆ, ಫಿಟ್ಟರನ ಕೋಣೆಯ ಕದ ಆಗ ಹಾಕಿರಬೇಕು. ಅಮ್ಮ, ಮಗಳು ಬೀದಿಯ ಅಗಲಕ್ಕೆ ಕೂಗಿ ಮಾತಾಡುತ್ತಿದ್ದರು. ಪಿಸುದನಿಯ ಹುಡುಗಿ ಕೂಗುವುದನ್ನು ಕಲಿತಳು. ಇಂದು ಏನು ತಿಂದೆ, ತಾತ ಏನು ಬಡಿದ, ಹಲ್ಲು ಅಲ್ಲಾಡುತ್ತಿದೆ. ನರ್ಸು ಕಂಬಕ್ಕೆ ಒರಗಿ ಕೇಳುತ್ತಿದ್ದಳು. ಕೆಲವು ದಿನ ನಿಂತಲ್ಲೇ ತೂಕಡಿಸಿ, ತಲೆ ಕಂಬಕ್ಕೆ ಬಡಿದಾಗ ಮತ್ತೆ ಸೆಟೆದು ನಿಲ್ಲುತ್ತಿದ್ದಳು. ಅವಳ ತಲೆಯ ಮೇಲೆಯೇ ಇದ್ದ ಮೇಷ್ಟ್ರ ಮನೆಯ ಕಿಟಕಿ ಆ ಹೊತ್ತಿಗೆ ತಪ್ಪದೆ ಮುಚ್ಚಿರುತ್ತಿತ್ತು.

ಆ ಮನೆಯವರಿಗೂ ಬೀಗದಕ್ಕನಿಗೂ ಮಾತು ನಿಂತಿತ್ತು. ಒಂದು ದಿನ ಮೇಷ್ಟ್ರ ಮಗಳು ಕೂಸಿನ ಬಟ್ಟೆ ಒಣಗಿಸುತ್ತ ಬೀದಿಯ ಆಚೆಯಿಂದಲೇ ಕರೆದಳು.

"ಅಕ್ಕ. ಫಿಟ್ಟರ್ ಮಾವನಿಗೆ ಹುಷಾರಿರಲಿಲ್ಲವಂತೆ?"

"ಈಗ ಪರವಾಗಿಲ್ಲಮ್ಮ."

ಅವಳು ಒಂದು ಬಟ್ಟೆಯನ್ನು ಕೊಡವಿ ಕೊಡವಿ ತಂತಿಗೆ ಹಾಕಿದಳು. "ನಮ್ಮ ಅತ್ತೆ ಇದೇ ರೋಗದಲ್ಲಿ ಹೋಗಿಬಿಟ್ಟರು. ಇಲ್ಲಿಗೆ ಬರೋ ಮುಂಚೆ. ನಿಮಗೆ ಹೇಳಲಿಲ್ಲ, ಹೇಳಿದ್ರೆ ಬರೋಕೆ ಬಿಡ್ತೀರೋ ಇಲ್ಲವೋ ಅಂತ."

ಬೀಗದಕ್ಕ ಪೊರಕೆ ಹಿಡಿದಲ್ಲೇ ನಿಂತಳು.

"ಆಸ್ಪತ್ರೇಲಿ ನಮ್ಮನ್ನ ಒಳಗೆ ಬಿಡಲಿಲ್ಲ. ಒಬ್ಬಳು ನರ್ಸು ಫೋನು ಹಿಡಿದು ತೋರಿಸಿದಳು. ಅವಳ ಮುಖ ಕಾಣಿಸಲಿಲ್ಲ, ಬರೀ ಕೈ. ಅತ್ತೆ ಕೂದಲು ಸರಿಮಾಡ್ತಿತ್ತು ಆ ಕೈ." ಮತ್ತೆ ಬಟ್ಟೆ ಕೊಡವಿದಳು. ಅದು ಆಗಲೇ ಒಣಗಿತ್ತು. "ನನಗೆ ಇನ್ನೂ ಹೆದರಿಕೆ ಹೋಗಿಲ್ಲ ಅಕ್ಕ. ಆ ನೀಲಿ ಬಟ್ಟೆ ಕಂಡರೆ ಕಿಟಕಿ ಮುಚ್ಚಿಬಿಡ್ತೀನಿ."

"ನನಗೂ ಹೋಗಿಲ್ಲಮ್ಮ," ಎಂದಳು ಬೀಗದಕ್ಕ.

ಅಷ್ಟೇ ಮಾತು. ಮರುದಿನ ಬೆಳಗ್ಗೆ ನರ್ಸು ಬರುವ ಹೊತ್ತಿಗೆ ಮೇಷ್ಟ್ರ ಮನೆಯ ಬಾಗಿಲು ಅರ್ಧ ತೆರೆಯಿತು. ಮೇಷ್ಟ್ರ ಮಗಳು ಒಂದು ಬೆತ್ತದ ಕುರ್ಚಿಯನ್ನು ಎಳೆದುಕೊಂಡು ಬಂದು ಕಂಬದ ಕೆಳಗೆ ಇಟ್ಟು, ಹಿಂದೆ ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನರ್ಸು ಬಂದು ಕುರ್ಚಿಯನ್ನು ನೋಡಿದಳು. ಯಾರದೋ ಇರಬೇಕೆಂದು ಪಕ್ಕಕ್ಕೆ ನಿಂತಳು. ಬೀಗದಕ್ಕ ಕಿಟಕಿಯಿಂದ, ಕೂತ್ಕೋ ಎಂದು ಕೈಸನ್ನೆ ಮಾಡಿದಳು. ಅವಳು ಅನುಮಾನಿಸುತ್ತ ತುದಿಯಲ್ಲಿ ಕುಳಿತಳು, ಆಮೇಲೆ ಬೆನ್ನು ಆನಿಸಿದಳು. ಗುಬ್ಬಿ ಹಲ್ಲು ಬಿದ್ದ ಕಥೆಯನ್ನು ಶುರುಮಾಡಿದಳು. ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ನರ್ಸಿನ ತಲೆ ನಿದ್ದೆಯಲ್ಲಿ ಒಂದು ಕಡೆಗೆ ವಾಲಿತು. ಎರಡೂ ಅಂಗೈ ಮಡಿಲಲ್ಲಿ ಮೇಲ್ಮುಖವಾಗಿ ತೆರೆದುಕೊಂಡವು.

ಗುಬ್ಬಿ ಮಾತು ನಿಲ್ಲಿಸಿದಳು. ಮುಂದಿನ ಕೋಣೆಯಲ್ಲಿ ಫಿಟ್ಟರನಿಗೆ ಕೆಮ್ಮು ಶುರುವಾಗುವುದರಲ್ಲಿತ್ತು. ಅವನು ದಿಂಬನ್ನು ಬಾಯಿಗೆ ಒತ್ತಿಕೊಂಡ. ಬೀದಿಯ ಕೊನೆಯಲ್ಲಿ ಹೊಸದಾಗಿ ಬಂದವರ ಮಕ್ಕಳು ಚೆಂಡು ಹಿಡಿದು ಹೊರಬಿದ್ದರು. ಗುಬ್ಬಿ ಕಿಟಕಿಯ ಸರಳುಗಳಿಗೆ ಮೈಯೆಲ್ಲ ಒತ್ತಿ, ತುಟಿಗೆ ಬೆರಳಿಟ್ಟು, ಇಡೀ ಬೀದಿಗೆ ತೋರಿಸಿದಳು. ಮಕ್ಕಳು ಚೆಂಡನ್ನು ಎದೆಗೆ ಹಿಡಿದುಕೊಂಡು, ಅಲ್ಲಿಯೇ ನಿಂತರು.